ಕಾಲ್ಗುಣ ಸರಿಯಿಲ್ಲದ ಕೋಚ್

ಮನೆಗೆ ಬಂದ ಹೊಸ ಸೊಸೆಯ ಕಾಲ್ಗುಣ, ಸಂತೆಯಿಂದ ಹಿಡಿದು ತಂದ ಎತ್ತಿನ ಕಾಲ್ಗುಣ, ಕಚೇರಿಗೆ ವರ್ಗವಾಗಿ ಬಂದ ಸಾಹೇಬರ ಕಾಲ್ಗುಣ - ಇವನ್ನೆಲ್ಲ ಲೆಕ್ಕ ಹಾಕುವ ಚಾಳಿ ನಮಗಷ್ಟೇ ಇದೆಯೆಂದು ತಿಳಿಯಬೇಕಾಗಿಲ್ಲ. ಬ್ರೆಜಿಲ್ ದೇಶದವರಿಗೂ ಇದೆ. ಅವರ ಪೋರ್ಚುಗೀಸ್ ಭಾಷೆಯಲ್ಲಿ ‘ಪೆ ಫ್ರಿಯೊ’ ಎಂಬ ಮಾತೊಂದುಂಟು. ತಣ್ಣನೆಯ ಪಾದ ಎಂದು ಅದರ ಅರ್ಥ. ಯಾರು ಕಾಲಿಟ್ಟಲ್ಲಿ ಕೆಲಸ ಕೆಡುತ್ತದೆಯೋ, ಯಾರು ನೋಡಲು ಬಂದರೆ ಗೆಲ್ಲುವ ಪಂದ್ಯವೂ ಕೈತಪ್ಪುತ್ತದೆಯೋ ಅಂಥವರ ಪಾದ ತಣ್ಣಗಿರುತ್ತದಂತೆ.

ಕಾಲಿನಲ್ಲೇ ಬದುಕುವ ದೇಶ ಅದು. ಅಲ್ಲಿ ಈ ಬೈಗುಳಕ್ಕೆ ತೂಕ ಹೆಚ್ಚು. ಅದನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರು ಟೆಲೆ ಸಂತಾನ. 1982 ಮತ್ತು 1986ರ ವಿಶ್ವಕಪ್‌ಗಳಲ್ಲಿ ಬ್ರೆಜಿಲ್ ತಂಡದ ತರಬೇತುದಾರರಾಗಿದ್ದವರು. ಎರಡು ಸಲವೂ ಕಪ್ ಇಲ್ಲದೆ ಊರಿಗೆ ಮರಳಿದವರು. ಆದರೂ ಬ್ರೆಜಿಲ್‌ಗೆ ಕಪ್ ಗೆದ್ದುಕೊಟ್ಟ ಕೋಚ್‌ಗಳ ಹೆಸರನ್ನು ಮರೆತವರು ಕೂಡ 1982ರ ತಂಡದ ಮಾತು ಬಂದಾಗ ಕುರ್ಚಿ ಮುಂದಕ್ಕೆಳೆದು ಕೂರುತ್ತಾರೆ. ಇದೇಕೆ ಹೀಗೆ?

ಅಂದಹಾಗೆ, ‘ಸಂತಾನ’ ಎಂಬ ಹೆಸರು ಕನ್ನಡದ ಕಿವಿಗೆ ತಮಾಷೆಯಾಗಿ ಕೇಳಿಸಬಹುದು. ಪೋರ್ಚುಗೀಸರಲ್ಲಿ ಅದು ಸರ್ವೇಸಾಮಾನ್ಯವಾದ ಮನೆತನದ ಹೆಸರು. ಮೇರಿಯ ತಾಯಿ ಸಂತ ಅನ್ನಾಳಿಂದ ಬಂದದ್ದು.

ಅದಿರಿನ ಊರಿನ ಸಪೂರ ಹುಡುಗ

ಟೆಲೆ ಹುಟ್ಟಿದ್ದು 1931ರ ಜುಲೈ 26ರಂದು, ಮೀನಾಸ್ ಜೆರಾಯಿಸ್ ರಾಜ್ಯದ ಇಟಾಬಿರಿಟೊ ಎಂಬಲ್ಲಿ. ಕಬ್ಬಿಣದ ಅದಿರಿನ ಊರು. ಕೆಂಪು ಗುಡ್ಡ, ಕೆಂಪು ಧೂಳು. ಸಂಡೂರು, ಹೊಸಪೇಟೆ ಕಡೆಯವರಿಗೆ ಇಂಥ ಊರು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೀನಾಸ್ ಜನರ ಬಗ್ಗೆ ಬ್ರೆಜಿಲ್‌ನಲ್ಲಿ ಒಂದು ಮಾತಿದೆ - ಮಾತು ಕಡಿಮೆ, ಕೈ ಬಿಗಿ, ಹಟ ಜಾಸ್ತಿ. ಟೆಲೆ ಅವರನ್ನು ಹತ್ತಿರದಿಂದ ಕಂಡವರು ಈ ಮೂರನ್ನೂ ಅವರಿಗೆ ಹೊಂದಿಸಿ ಹೇಳುತ್ತಿದ್ದರು.

ಊರಿನ ಸಣ್ಣ ಕ್ಲಬ್‌ಗಳಲ್ಲಿ ಆಡಿ, ಅಲ್ಲಿಂದ ರಿಯೊ ನಗರದ ಫ್ಲುಮಿನೆನ್ಸ್ ಕ್ಲಬ್ ಸೇರಿದರು. 1951ರಲ್ಲಿ ಆ ಕ್ಲಬ್ಬು ರಿಯೊ ಚಾಂಪಿಯನ್ ಆದಾಗ ಬಲ ಅಂಚಿನಲ್ಲಿ ಓಡುತ್ತಿದ್ದ ಇಪ್ಪತ್ತರ ಹುಡುಗ ಇವರೇ. ಸಪೂರ ಮೈ, ಕಡ್ಡಿಯಂಥ ಕಾಲು. ಆದರೆ ತೊಂಬತ್ತು ನಿಮಿಷವೂ ನಿಲ್ಲದ ಓಟ. ಅಂಚಿನ ಆಟಗಾರನೆಂದರೆ ಮುಂದೆ ನಿಂತು ಚೆಂಡಿಗೆ ಕಾಯುವವನು ಎಂದಿದ್ದ ಕಾಲದಲ್ಲಿ ಇವರು ಹಿಂದಕ್ಕೆ ಓಡಿಬಂದು ಚೆಂಡು ಕಿತ್ತುಕೊಳ್ಳಲೂ ನೆರವಾಗುತ್ತಿದ್ದರು. ಸೋತೇಬಿಟ್ಟೆವೆಂದು ಜನ ಎದ್ದು ಹೊರಡುವ ಹೊತ್ತಿನಲ್ಲಿ ಗೋಲು ಹೊಡೆದು ಅವರನ್ನು ಮತ್ತೆ ಕೂರಿಸಿದ್ದೂ ಉಂಟು. ಹೀಗಾಗಿ ಅವರಿಗೊಂದು ಅಡ್ಡಹೆಸರು ಬಿತ್ತು - ‘ಫಿಯೊ ಜಿ ಎಸ್ಪೆರಾನ್ಸಾ’. ಭರವಸೆಯ ಎಳೆ. ಮೈಯೂ ಎಳೆಯ ಹಾಗೆ, ಕೊನೆಗೆ ಉಳಿಯುವ ಆಸೆಯೂ ಎಳೆಯ ಹಾಗೆ. ಇಟ್ಟವರು ರಸಿಕರೇ ಇರಬೇಕು.

ಫ್ಲುಮಿನೆನ್ಸ್ ಪರ ಐನೂರೈವತ್ತಕ್ಕೂ ಹೆಚ್ಚು ಪಂದ್ಯಗಳನ್ನಾಡಿ ನೂರರುವತ್ತಕ್ಕೂ ಹೆಚ್ಚು ಗೋಲು ಹೊಡೆದರೂ ವಿಶ್ವಕಪ್ ಮಾತ್ರ ಅವರ ಪಾಲಿಗೆ ಬರಲಿಲ್ಲ. ಬಲ ಅಂಚಿನಲ್ಲಿ ಆಗ ಜುಲಿನ್ಯೊ ಇದ್ದರು, ಆಮೇಲೆ ಗರಿಂಚಾ ಬಂದರು. ಗರಿಂಚಾ ಇದ್ದ ಕಾಲದಲ್ಲಿ ಬಲ ಅಂಚಿನ ಆಟಗಾರನಾಗಿ ಹುಟ್ಟುವುದೂ ಒಂದು ಬಗೆಯ ದುರದೃಷ್ಟವೇ ಸರಿ. ಕಾಲ್ಗುಣದ ಕಥೆ ಅಲ್ಲಿಂದಲೇ ಶುರುವಾಯಿತು ಎನ್ನೋಣವೇ?

ಕೋಚ್ ಆಗಿ ಮಾತ್ರ ಅವರ ಕಾಲು ಮೊದಲಿಗೆ ಬೆಚ್ಚಗೇ ಇತ್ತು. 1969ರಲ್ಲಿ ಅದೇ ಫ್ಲುಮಿನೆನ್ಸ್ ತಂಡವನ್ನು ರಿಯೊ ಚಾಂಪಿಯನ್ ಮಾಡಿದರು. ಮರಕಾನಾ ಕ್ರೀಡಾಂಗಣದಲ್ಲಿ ಫ್ಲಮೆಂಗೊ ತಂಡವನ್ನು 3-2ರಿಂದ ಸೋಲಿಸಿದ ಆ ಪಂದ್ಯವನ್ನು ನೋಡಿದವರು 1 ಲಕ್ಷ 70 ಸಾವಿರಕ್ಕೂ ಹೆಚ್ಚು ಮಂದಿ. 1971ರಲ್ಲಿ ಬ್ರೆಜಿಲ್‌ನ ಮೊತ್ತಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಾಗ ಅದನ್ನು ಗೆದ್ದದ್ದು ರಿಯೊದ ತಂಡವೂ ಅಲ್ಲ, ಸಾವೊ ಪಾಲೊದ್ದೂ ಅಲ್ಲ. ಟೆಲೆ ಅವರ ತವರು ರಾಜ್ಯದ ಅಟ್ಲೆಟಿಕೊ ಮಿನೇರೊ. ಕೊನೆಯ ಪಂದ್ಯದಲ್ಲಿ ಬೊಟಾಫೊಗೊ ವಿರುದ್ಧ ಏಕೈಕ ಗೋಲನ್ನು ತಲೆಯಿಂದ ಹೊಡೆದವನು ದಾರಿಯೊ. ಒಂದು ವರ್ಷ ಹಿಂದೆ ಸೇನಾ ಆಡಳಿತದ ಅಧ್ಯಕ್ಷ ಮೆಡಿಸಿ ವಿಶ್ವಕಪ್ ತಂಡದಲ್ಲಿ ನೋಡಬಯಸಿದ ಅದೇ ದಾರಿಯೊ.

1977ರಲ್ಲಿ ದಕ್ಷಿಣದ ಪೋರ್ಟೊ ಅಲೆಗ್ರೆಯಲ್ಲಿ ಇನ್ನೊಂದು ಸಾಹಸ. ಅಲ್ಲಿ ಇಂಟರ್‌ನ್ಯಾಷನಲ್ ತಂಡ ಸತತ ಎಂಟು ವರ್ಷ ರಾಜ್ಯ ಪ್ರಶಸ್ತಿ ಗೆದ್ದು ಕುಳಿತಿತ್ತು. ಬದ್ಧವೈರಿ ಗ್ರೆಮಿಯೊ ತಂಡದವರು ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಟೆಲೆ ಬಂದು ಆ ಸರಪಳಿ ಮುರಿದರು. ನಿರ್ಣಾಯಕ ಗೋಲು ಹೊಡೆದ ಆಂದ್ರೆ ಕಟಿಂಬಾ ಆನಂದಕ್ಕೆ ಲಾಗ ಹಾಕಲು ಹೋಗಿ, ಗಾಳಿಯಲ್ಲೇ ಲೆಕ್ಕ ತಪ್ಪಿ, ಮುಖ ಅಡಿಯಾಗಿ ನೆಲಕ್ಕಪ್ಪಳಿಸಿದ. ಪೆಟ್ಟಾಗಿ ಆಟ ಮುಂದುವರಿಸಲಾಗಲಿಲ್ಲ. ಗೋಲಿಗಿಂತ ಆ ಬಿದ್ದ ಚಿತ್ರವೇ ಇಂದಿಗೂ ಪ್ರಸಿದ್ಧ!

ಬಳಿಕ 1979ರಲ್ಲಿ ಪಾಲ್ಮೇರಸ್. ಅಂಥ ದೊಡ್ಡ ಹೆಸರಿನವರಾರೂ ಇಲ್ಲದ ಆ ತಂಡ ಮರಕಾನಾಕ್ಕೇ ಹೋಗಿ ಝೀಕೊನ ಫ್ಲಮೆಂಗೊ ತಂಡವನ್ನು 4-1ರಿಂದ ಬಡಿದು ಬಂದಾಗ ಇಡೀ ದೇಶ ಕೋಚ್ ಯಾರೆಂದು ತಿರುಗಿ ನೋಡಿತು. ಕೆಲವೇ ತಿಂಗಳಲ್ಲಿ, 1980ರಲ್ಲಿ, ರಾಷ್ಟ್ರ ತಂಡದ ಹೊಣೆ ಅವರ ಹೆಗಲಿಗೆ ಬಂತು.

‘ವಿಂಗರ್ ಹಾಕಪ್ಪಾ, ಟೆಲೆ!’

1970ರಲ್ಲಿ ಪೆಲೆ ಅವರ ತಂಡ ಮೂರನೇ ಸಲ ಕಪ್ ಗೆದ್ದ ಮೇಲೆ ಬ್ರೆಜಿಲ್ ಫುಟ್‌ಬಾಲ್‌ಗೆ ಒಂದು ಬಗೆಯ ಜ್ವರ ಬಂದಿತ್ತು. ಯುರೋಪಿನವರು ಕಟ್ಟುಮಸ್ತಾಗಿದ್ದಾರೆ, ವೇಗವಾಗಿದ್ದಾರೆ, ನಾವೂ ಹಾಗೆಯೇ ಆಗಬೇಕು ಎಂಬ ಜ್ವರ. 1974 ಮತ್ತು 1978ರ ತಂಡಗಳು ಒದ್ದು, ತಳ್ಳಿ, ಕಾದು ಆಡಿದವು. ಕಪ್ಪೂ ಬರಲಿಲ್ಲ, ಕಣ್ಣಿಗೂ ಹಬ್ಬವಾಗಲಿಲ್ಲ.

ಟೆಲೆ ಈ ಜ್ವರಕ್ಕೆ ಮದ್ದು ಅರೆದರು. ಚೆಂಡು ಆಡಲು ಬರುವವನಿಗೇ ತಂಡದಲ್ಲಿ ಸ್ಥಾನ, ಎದುರಾಳಿಯ ಕಾಲು ಮುರಿಯಲು ಬರುವವನಿಗಲ್ಲ ಎಂಬುದು ಅವರ ಮೊದಲ ಶರತ್ತು. ಬೇಕೆಂದೇ ಒದೆಯುವುದನ್ನು ಅವರು ತಮ್ಮ ತಂಡದಲ್ಲಿ ಸಹಿಸುತ್ತಿರಲಿಲ್ಲ. ಮಿಡ್‌ಫೀಲ್ಡಿನಲ್ಲಿ ಝೀಕೊ, ಸೋಕ್ರಟೀಸ್, ಫಲ್ಕಾವೊ, ಟೊನಿನ್ಯೊ ಸೆರೆಜೊ. ನಾಲ್ವರೂ ಕಲಾವಿದರು. ಗಡ್ಡದ ಸೋಕ್ರಟೀಸ್ ವೈದ್ಯಕೀಯ ಓದಿದ ಡಾಕ್ಟರು, ಸಿಗರೇಟು ಸೇದುವವನು, ಕ್ಲಬ್ಬಿನಲ್ಲಿ ಆಟಗಾರರಿಗೂ ಮತದಾನದ ಹಕ್ಕು ಇರಬೇಕೆಂದು ಸೇನಾ ಆಡಳಿತದ ಕಾಲದಲ್ಲೇ ವಾದಿಸಿದವನು. ಅವನನ್ನು ನಾಯಕನನ್ನಾಗಿ ಮಾಡಿದವರು ಶಿಸ್ತಿಗೆ ಹೆಸರಾದ ಟೆಲೆ. ಎಡಬದಿಯ ಬ್ಯಾಕ್ ಜೂನಿಯರ್ ಹೆಸರಿಗೆ ಮಾತ್ರ ಬ್ಯಾಕ್. ಎಡ ಅಂಚಿನಲ್ಲಿ ಫಿರಂಗಿಯಂತೆ ಒದೆಯುವ ಎಡೆರ್.

ಬಲ ಅಂಚಿನಲ್ಲಿ? ಯಾರೂ ಇಲ್ಲ! ನಾಲ್ವರು ಕಲಾವಿದರನ್ನೂ ಕೂರಿಸಬೇಕಾದರೆ ಒಂದು ಕುರ್ಚಿ ಎತ್ತಲೇಬೇಕಾಗಿತ್ತು. ಟೆಲೆ ಎತ್ತಿದ್ದು ಬಲ ಅಂಚಿನ ಕುರ್ಚಿಯನ್ನು. ಬಂದಬಂದವರು ಸರದಿಯಂತೆ ಆ ಬದಿಗೆ ಸರಿದು ಆಡಲಿ ಎಂಬುದು ಅವರ ಯೋಜನೆ. ಜನಕ್ಕೆ ಇದು ಹಿಡಿಸಲಿಲ್ಲ. ಟಿವಿಯ ಹಾಸ್ಯನಟ ಜೋ ಸೊವಾರಿಸ್ ಒಬ್ಬ ಗ್ಯಾಲರಿ ಪ್ರೇಕ್ಷಕನ ಪಾತ್ರ ಕಟ್ಟಿ, ಸಾರ್ವಜನಿಕ ದೂರವಾಣಿಯಿಂದ ಕೋಚ್‌ಗೆ ಫೋನು ಮಾಡಿ ವಾರವಾರವೂ ಅಂಗಲಾಚುತ್ತಿದ್ದರು - “ವಿಂಗರ್ ಹಾಕಪ್ಪಾ, ಟೆಲೆ!” ಇದು ಬ್ರೆಜಿಲ್‌ನ ಬೀದಿಬೀದಿಯ ಮಾತಾಯಿತು. ತಾವೇ ಬಲ ಅಂಚಿನ ಆಟಗಾರರಾಗಿ ಬದುಕು ಕಟ್ಟಿಕೊಂಡ ವ್ಯಕ್ತಿ ಅದೇ ಜಾಗವನ್ನು ಖಾಲಿ ಬಿಟ್ಟದ್ದು ವಿಚಿತ್ರವೇ. ಟೆಲೆ ಮಣಿಯಲಿಲ್ಲ. ಮೀನಾಸ್‌ನವರ ಹಟ.

1981ರ ಮೇ ತಿಂಗಳಲ್ಲಿ ಈ ತಂಡ ಯುರೋಪಿಗೆ ಹೋಗಿ ಒಂದೇ ವಾರದೊಳಗೆ ಇಂಗ್ಲೆಂಡ್, ಫ್ರಾನ್ಸ್, ಪಶ್ಚಿಮ ಜರ್ಮನಿ ಮೂರನ್ನೂ ಅವರವರ ಅಂಗಳದಲ್ಲೇ ಸೋಲಿಸಿ ಬಂತು. ವೆಂಬ್ಲಿಯಲ್ಲಿ ದಕ್ಷಿಣ ಅಮೆರಿಕದ ತಂಡವೊಂದು ಇಂಗ್ಲೆಂಡನ್ನು ಸೋಲಿಸಿದ್ದು ಅದೇ ಮೊದಲು. 1982ರಲ್ಲಿ ಸ್ಪೇನ್‌ಗೆ ವಿಮಾನ ಹತ್ತುವಾಗ ಕಪ್ ತಮ್ಮದೇ ಎಂದು ಬ್ರೆಜಿಲ್ ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ಕೊರತೆ. ಮುಂಚೂಣಿಯ ಕರೆಕಾ ಗಾಯಗೊಂಡು ಕೊನೆಗಳಿಗೆಯಲ್ಲಿ ಹೊರಬಿದ್ದ. ಅವನ ಜಾಗಕ್ಕೆ ಬಂದ ಸೆರ್ಜಿನ್ಯೊ ಎತ್ತರದ, ಒರಟು ಆಸಾಮಿ. ಸಂಗೀತ ಕಛೇರಿಯ ನಡುವೆ ತಮಟೆ ಬಡಿದ ಹಾಗೆ.

ಮೊದಲ ಪಂದ್ಯದಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ಗೋಲ್‌ಕೀಪರ್ ವಾಲ್ಡಿರ್ ಪೆರೆಸ್ ಕೈಗೆ ಬಂದ ಚೆಂಡನ್ನೇ ಜಾರಿಸಿ ಗೋಲು ಬಿಟ್ಟುಕೊಟ್ಟ. ಕೊನೆಯ ಕಾಲು ಗಂಟೆಯಲ್ಲಿ ಸೋಕ್ರಟೀಸ್ ಮತ್ತು ಎಡೆರ್ ದೂರದಿಂದ ಸಿಡಿಸಿದ ಎರಡು ಹೊಡೆತ ಪಂದ್ಯ ಉಳಿಸಿದವು. ಆಮೇಲೆ ಸ್ಕಾಟ್‌ಲೆಂಡಿಗೆ ನಾಲ್ಕು, ನ್ಯೂಜಿಲೆಂಡಿಗೆ ನಾಲ್ಕು. ಎರಡನೇ ಹಂತದಲ್ಲಿ ಹಾಲಿ ಚಾಂಪಿಯನ್ ಅರ್ಜೆಂಟೀನಾಕ್ಕೆ ಮೂರು. ತಾಳ್ಮೆ ಕಳೆದುಕೊಂಡ ಇಪ್ಪತ್ತೊಂದರ ಮರಡೋನಾ ಬ್ರೆಜಿಲ್‌ನ ಬಟಿಸ್ಟಾನನ್ನು ಒದ್ದು ಕೆಂಪು ಕಾರ್ಡು ಪಡೆದು ಹೊರನಡೆದದ್ದು ಆ ಪಂದ್ಯದಲ್ಲೇ. ಗೋಲು ಬಂದದ್ದಕ್ಕಿಂತ ಅವು ಬಂದ ಬಗೆ ನೋಡುವಂತಿತ್ತು. ಹಿಮ್ಮಡಿಯ ಪಾಸು, ಕಾಲ ಕೆಳಗೆ ಬಿಟ್ಟು ಮೋಸಗೊಳಿಸುವ ಚೆಂಡು, ಎಲ್ಲಿಂದಲೋ ಓಡಿಬರುವ ಮೂರನೆಯವನು.

ಸರ್ರಿಯಾದ ಮಧ್ಯಾಹ್ನ

1982ರ ಜುಲೈ 5. ಬಾರ್ಸಿಲೋನಾ ನಗರದ ಸರ್ರಿಯಾ ಕ್ರೀಡಾಂಗಣ. ಎದುರಿಗೆ ಇಟಲಿ. ಆ ಇಟಲಿ ಮೊದಲ ಹಂತದ ಮೂರು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ, ಮೂರನ್ನೂ ಡ್ರಾ ಮಾಡಿಕೊಂಡು ಏದುಸಿರಿನಲ್ಲಿ ಮೇಲೆ ಬಂದಿತ್ತು. ಅವರ ಪಾವೊಲೊ ರೊಸ್ಸಿ ಪಂದ್ಯ ಮೋಸದ ಹಗರಣದಲ್ಲಿ ಎರಡು ವರ್ಷ ನಿಷೇಧ ಅನುಭವಿಸಿ ಆಗಷ್ಟೇ ಮರಳಿದ್ದ. ಅಲ್ಲಿಯವರೆಗಿನ ನಾಲ್ಕು ಪಂದ್ಯಗಳಲ್ಲಿ ಒಂದು ಗೋಲೂ ಇಲ್ಲ. ಅವನನ್ನು ಯಾಕೆ ಆಡಿಸುತ್ತೀರಿ ಎಂದು ಇಟಲಿಯ ಪತ್ರಿಕೆಗಳು ಕೋಚ್ ಬೆಯರ್ಜೊಟ್ ಅವರನ್ನು ಹರಿದು ಮುಕ್ಕುತ್ತಿದ್ದವು. ಬ್ರೆಜಿಲ್‌ಗೆ ಗೆಲುವೂ ಬೇಕಿರಲಿಲ್ಲ. ಡ್ರಾ ಸಾಕಿತ್ತು.

ಐದನೇ ನಿಮಿಷದಲ್ಲಿ ಎಡದಿಂದ ಬಂದ ಚೆಂಡಿಗೆ ರೊಸ್ಸಿ ತಲೆಕೊಟ್ಟ. 1-0. ಹನ್ನೆರಡನೇ ನಿಮಿಷದಲ್ಲಿ ಝೀಕೊ ಕೊಟ್ಟ ಪಾಸಿಗೆ ಸೋಕ್ರಟೀಸ್ ಓಡಿ, ಗೋಲಿಯ ಪಕ್ಕದ ಸಂದಿಯಲ್ಲಿ ಚೆಂಡು ತೂರಿಸಿದ. 1-1. ಇನ್ನು ನೆಮ್ಮದಿ ಎನ್ನುವಷ್ಟರಲ್ಲಿ, ಇಪ್ಪತ್ತೈದನೇ ನಿಮಿಷದಲ್ಲಿ, ಸೆರೆಜೊ ತನ್ನ ಗೋಲಿನ ಮುಂದೆ ಅಡ್ಡಡ್ಡವಾಗಿ ಒಂದು ಪಾಸು ಕೊಟ್ಟ. ಯಾರಿಗೆ ಕೊಟ್ಟನೋ ಆ ದೇವರೇ ಬಲ್ಲ. ನಡುವೆ ನುಗ್ಗಿದ ರೊಸ್ಸಿ ಅದನ್ನು ಹೊತ್ತುಕೊಂಡು ಹೋಗಿ ಗೋಲಿನಲ್ಲಿ ಇಳಿಸಿದ. 2-1.

ಅರವತ್ತೆಂಟನೇ ನಿಮಿಷದಲ್ಲಿ ಫಲ್ಕಾವೊ. ಸೆರೆಜೊ ಬದಿಯಿಂದ ಓಡಿ ರಕ್ಷಣಾ ಆಟಗಾರರನ್ನು ತನ್ನ ಹಿಂದೆ ಎಳೆದೊಯ್ದ. ಖಾಲಿಯಾದ ಜಾಗದಿಂದ ಫಲ್ಕಾವೊ ಎಡಗಾಲಲ್ಲಿ ಬಾರಿಸಿದ. ಎರಡೂ ಕೈ ಚಾಚಿ, ನರಗಳು ಉಬ್ಬಿ, ಬಾಯಿ ತೆರೆದು ಆತ ಓಡಿದ ಆ ಚಿತ್ರವನ್ನು ನೋಡದ ಫುಟ್‌ಬಾಲ್ ಪ್ರೇಮಿ ಇರಲಾರ. 2-2. ಈ ಅಂಕ ಹೀಗೇ ಉಳಿದರೆ ಬ್ರೆಜಿಲ್ ಸೆಮಿಫೈನಲ್‌ಗೆ.

ಉಳಿಯಲಿಲ್ಲ. ಎಪ್ಪತ್ನಾಲ್ಕನೇ ನಿಮಿಷದಲ್ಲಿ ಇಟಲಿಗೊಂದು ಕಾರ್ನರ್. ಚೆಂಡು ತಲೆಯಿಂದ ತಲೆಗೆ ಚಿಮ್ಮಿ ಹೊರಗೆ ನಿಂತಿದ್ದ ತಾರ್ಡೆಲ್ಲಿಯ ಕಾಲಿಗೆ ಬಂತು. ಆತ ಒದ್ದದ್ದನ್ನು ನಡುವೆ ನಿಂತ ರೊಸ್ಸಿ ತಿರುಗಿಸಿ ಬಲೆಗೆ ಹಾಕಿದ. 3-2. ಕೊನೆಯ ನಿಮಿಷಗಳಲ್ಲಿ ಆಸ್ಕರ್ ತಲೆಯಿಂದ ಹೊಡೆದ ಚೆಂಡನ್ನು ನಲ್ವತ್ತರ ಗೋಲಿ ಜೋಫ್ ಗೆರೆಯ ಮೇಲೇ ಅದುಮಿ ಹಿಡಿದ. ಅಲ್ಲಿಗೆ ಮುಗಿಯಿತು. ಝೀಕೊನನ್ನು ನೆರಳಿನಂತೆ ಕಾಡಿದ ಜೆಂಟಿಲೆ ಅವನ ಅಂಗಿಯನ್ನು ಹರಿದುಹಾಕಿದ್ದ. ಹೆಸರು ಜೆಂಟಿಲೆ, ಎಂದರೆ ಸೌಮ್ಯ!

ಮಾರನೆಯ ದಿನ ಸಾವೊ ಪಾಲೊದ ‘ಜೊರ್ನಾಲ್ ದಾ ತಾರ್ಜಿ’ ಪತ್ರಿಕೆ ಮುಖಪುಟದ ತುಂಬ ಒಂದೇ ಚಿತ್ರ ಹಾಕಿತು. ಬ್ರೆಜಿಲ್ ಅಂಗಿ ತೊಟ್ಟ ಪುಟ್ಟ ಹುಡುಗನೊಬ್ಬ, ಕಣ್ಣಲ್ಲಿ ನೀರು, ಎದೆಯುಬ್ಬಿಸಿ ಅಳು ತಡೆಯುತ್ತ ನಿಂತದ್ದು. ಕೆಳಗೆ ಊರು ಮತ್ತು ತಾರೀಕು. ಅಷ್ಟೆ. ಬೇರೆ ಮಾತಿಲ್ಲ. ಟೆಲೆ ಅವರು ಪತ್ರಿಕಾಗೋಷ್ಠಿಗೆ ಬಂದಾಗ ವಿದೇಶಿ ಪತ್ರಕರ್ತರು ಚಪ್ಪಾಳೆ ತಟ್ಟಿದರೆಂದು ಅಲ್ಲಿದ್ದವರು ಬರೆದಿದ್ದಾರೆ. ಸೋತ ಕೋಚ್‌ಗೆ ಚಪ್ಪಾಳೆ!

ಡ್ರಾ ಸಾಕಾಗಿದ್ದರೂ ಮೂರ್ಖರಂತೆ ಮುನ್ನುಗ್ಗಿ ಸೋತರು ಎಂಬುದು ಅಂದಿನಿಂದ ಇಂದಿನವರೆಗೂ ನಡೆದುಬಂದ ವಾದ. ಈ ವಾದವನ್ನು ಕೇಳಿಕೇಳಿ ನಿಜವೆಂದು ನಂಬಿದವರೇ ಹೆಚ್ಚು. ಆದರೆ ಪಂದ್ಯವನ್ನು ಮತ್ತೆ ನೋಡಿದರೆ ಬೇರೆಯೇ ಕಾಣುತ್ತದೆ. 2-2 ಆದ ಕೂಡಲೇ ಟೆಲೆ ಮಾಡಿದ ಬದಲಾವಣೆ ಏನು? ಮುಂಚೂಣಿಯ ಸೆರ್ಜಿನ್ಯೊನನ್ನು ಹೊರಕರೆದು ದುಡಿಮೆಗಾರ ಪಾವ್ಲೊ ಇಸಿಡೊರೊನನ್ನು ಒಳಗೆ ಕಳಿಸಿದರು. ಅದು ಬಾಗಿಲು ಹಾಕಿಕೊಳ್ಳುವ ಕ್ರಮವೇ. ಮೂರನೇ ಗೋಲು ಬಂದಾಗ ಬ್ರೆಜಿಲ್ ತಂಡ ಹೆಚ್ಚುಕಡಿಮೆ ಇಡಿಯಾಗಿ ತನ್ನ ಪೆನಾಲ್ಟಿ ಆವರಣದೊಳಗೇ ಇತ್ತು. ಗೆರೆಯ ಬಳಿ ನಿಂತ ಜೂನಿಯರ್ ಹೊರಗೆ ಓಡಿಬರುವುದು ತಡವಾಯಿತು, ಅದರಿಂದ ರೊಸ್ಸಿ ಆಫ್‌ಸೈಡ್ ಆಗಲಿಲ್ಲ. ಬ್ರೆಜಿಲ್ ಸೋತದ್ದು ದಾಳಿ ಮಾಡಿದ್ದರಿಂದಲ್ಲ. ಮೂರು ಸಲ ಸಾದಾ ರಕ್ಷಣೆಯ ಕೆಲಸದಲ್ಲಿ ಎಡವಿದ್ದರಿಂದ. ಇಟಲಿಯೂ ಅಂದು ಕೇವಲ ಕಾದು ಕುಳಿತ ತಂಡವಾಗಿರಲಿಲ್ಲ, ಚೆನ್ನಾಗಿ ಆಡಿತು. ಅದೇ ಇಟಲಿ ಮುಂದೆ ಪೋಲೆಂಡ್ ಮತ್ತು ಪಶ್ಚಿಮ ಜರ್ಮನಿಗಳನ್ನು ಸೋಲಿಸಿ ಕಪ್ ಎತ್ತಿತೆಂಬುದನ್ನು ಮರೆಯಬಾರದು.

ಆದರೆ ಜನಕ್ಕೆ ಬೇಕಾಗಿದ್ದದ್ದು ಪಾಠ. ಅಂದವಾಗಿ ಆಡಿದರೆ ಸೋಲುತ್ತೀರಿ ಎಂಬ ಪಾಠವನ್ನು ಇಡೀ ಫುಟ್‌ಬಾಲ್ ಲೋಕ ಕಲಿತುಕೊಂಡಿತು. ಝೀಕೊ ಅಂತೂ ಅದನ್ನು ಫುಟ್‌ಬಾಲ್ ಸತ್ತ ದಿನವೆಂದೇ ಕರೆದ.

ಇನ್ನೊಂದು ಸೋಲು

ಟೆಲೆ ರಾಷ್ಟ್ರ ತಂಡ ಬಿಟ್ಟು ಸೌದಿ ಅರೇಬಿಯಾದ ಜೆಡ್ಡಾ ನಗರದ ಅಲ್ ಅಹ್ಲಿ ಕ್ಲಬ್ಬಿಗೆ ಹೋದರು. ಅಲ್ಲಿ ಲೀಗ್ ಪ್ರಶಸ್ತಿಯನ್ನೂ ಗೆದ್ದುಕೊಟ್ಟರು. ಇತ್ತ ಬ್ರೆಜಿಲ್ ತಂಡ ಮೂವರು ಕೋಚ್‌ಗಳ ಕೈಯಲ್ಲಿ ಹದಗೆಟ್ಟು, 1985ರಲ್ಲಿ ಅರ್ಹತಾ ಪಂದ್ಯಗಳು ಎದುರಾದಾಗ ಮತ್ತೆ ಟೆಲೆ ಅವರ ನೆನಪಾಯಿತು. ಬಂದರು, ಗೆಲ್ಲಿಸಿದರು.

ಮೆಕ್ಸಿಕೊಗೆ ಹೊರಡುವ ಮೊದಲೇ ಒಡಕು ಹುಟ್ಟಿತು. ತರಬೇತಿ ಶಿಬಿರದಿಂದ ರಾತ್ರಿ ಹೊರಹೋಗಿ ತಡವಾಗಿ ಬಂದ ತಪ್ಪಿಗೆ ರೆನಾಟೊ ಗೌಚೊ ಎಂಬ ಬಲ ಅಂಚಿನ ಆಟಗಾರನನ್ನು ಟೆಲೆ ತಂಡದಿಂದ ಕೈಬಿಟ್ಟರು. ಜೊತೆಗಿದ್ದ ಲಿಯಾಂಡ್ರೊನನ್ನು ಉಳಿಸಿಕೊಂಡರು. ಗೆಳೆಯನಿಗಿಲ್ಲದ ಜಾಗ ತನಗೇಕೆಂದು ಲಿಯಾಂಡ್ರೊ ವಿಮಾನವನ್ನೇ ಹತ್ತಲಿಲ್ಲ. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು ಮಾಡಿದ್ದು ಟೆಲೆ ಅವರ ತಪ್ಪೆಂದೇ ಈ ಲೇಖಕನ ಅಭಿಪ್ರಾಯ. ಶಿಸ್ತು ಎಂಬುದು ಅಳತೆಗೋಲಾದರೆ ಅದು ಎಲ್ಲರಿಗೂ ಒಂದೇ ಉದ್ದವಿರಬೇಕು. ಲಿಯಾಂಡ್ರೊ ಬಿಟ್ಟ ಜಾಗದಲ್ಲಿ ಜೊಸಿಮಾರ್ ಎಂಬ ಅಷ್ಟೇನೂ ಹೆಸರಿಲ್ಲದವನು ಬಂದು ಎರಡು ಮರೆಯಲಾಗದ ಗೋಲು ಹೊಡೆದದ್ದು ಬೇರೆ ಮಾತು.

1986ರ ಜೂನ್ 21ರಂದು ಗ್ವಾದಲಹಾರಾದಲ್ಲಿ ಫ್ರಾನ್ಸ್ ವಿರುದ್ಧ ಕ್ವಾರ್ಟರ್‌ಫೈನಲ್. ನಮ್ಮಲ್ಲಿ ಆಗ ರಾತ್ರಿ ಹನ್ನೊಂದೂವರೆ. ದೂರದರ್ಶನದ ಮುಂದೆ ಕಣ್ಣುಜ್ಜಿಕೊಂಡು ಕುಳಿತವರಲ್ಲಿ ಬೆಂಗಳೂರಿನ ಆಸ್ಟಿನ್ ಟೌನ್‌ನ ಫುಟ್‌ಬಾಲ್ ಹುಡುಗರೂ ಇದ್ದಿರಲೇಬೇಕು. ಕರೆಕಾ ಹೊಡೆದ, ಪ್ಲಾಟಿನಿ ಸರಿಗಟ್ಟಿದ. ಮೊಣಕಾಲ ನೋವಿನ ಝೀಕೊ ಬದಲಿಯಾಗಿ ಒಳಬಂದು ಕೊಟ್ಟ ಮೊದಲ ಪಾಸುಗಳಲ್ಲೊಂದರಿಂದ ಪೆನಾಲ್ಟಿ ಸಿಕ್ಕಿತು. ಇನ್ನೂ ಮೈ ಬಿಸಿಯಾಗದ ಝೀಕೊನೇ ಒದೆದ, ಗೋಲಿ ಬ್ಯಾಟ್ಸ್ ತಡೆದ. ಹೆಚ್ಚುವರಿ ಸಮಯ ಮುಗಿದು ಪೆನಾಲ್ಟಿ ಸರದಿ ಬಂದಾಗ ಸೋಕ್ರಟೀಸ್ ತಪ್ಪಿಸಿದ, ಅತ್ತ ಪ್ಲಾಟಿನಿಯೂ ತಪ್ಪಿಸಿದ, ಜೂಲಿಯೊ ಸೀಸರ್ ಹೊಡೆದದ್ದು ಕಂಬಕ್ಕೆ ಬಡಿಯಿತು. ಐದು ಪಂದ್ಯಗಳಲ್ಲಿ ಬ್ರೆಜಿಲ್ ಬಿಟ್ಟುಕೊಟ್ಟ ಗೋಲು ಒಂದೇ ಒಂದು. ಆಟದಲ್ಲಿ ಒಂದು ಪಂದ್ಯವನ್ನೂ ಸೋಲದೆ ತಂಡ ಮನೆಗೆ ಹೊರಟಿತು. ಟೆಲೆ ಅವರ ಕಾಲು ತಣ್ಣಗಿದೆ ಎಂಬುದು ಇನ್ನು ಸಂಶಯಾತೀತ ಸತ್ಯವಾಯಿತು.

ಹುಲ್ಲು ನೋಡುವ ಮುದುಕ

ಅಲ್ಲಿಂದ ನಾಲ್ಕು ವರ್ಷ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದಾಟ. ಗೆದ್ದರೂ ಸುದ್ದಿಯಿಲ್ಲ, ಸೋತರೆ ಮಾತ್ರ ‘ನೋಡಿ, ಹೇಳಿರಲಿಲ್ಲವೇ’ ಎಂಬ ಮಾತು. 1990ರ ಕೊನೆಯಲ್ಲಿ ಸಾವೊ ಪಾಲೊ ಕ್ಲಬ್ ಅವರನ್ನು ಕರೆದಾಗ ಆ ಕ್ಲಬ್ಬಿನ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಟೆಲೆ ಅವರಿಗೆ ಆಗ 59. ಬಂದ ವರ್ಷವೇ ರಾಷ್ಟ್ರೀಯ ಫೈನಲ್‌ನಲ್ಲಿ ಕೊರಿಂಥಿಯನ್ಸ್ ಎದುರು ಸೋಲು! ಕಾಲ್ಗುಣದವರು ಮತ್ತೆ ನಕ್ಕರು.

ಟೆಲೆ ಕ್ಲಬ್ಬಿನ ತರಬೇತಿ ಮೈದಾನದ ಆವರಣದಲ್ಲೇ ಒಂದು ಕೋಣೆಯಲ್ಲಿ ವಾಸ ಹೂಡಿದರು. ಬೆಳಿಗ್ಗೆ ಎದ್ದವರೇ ಮೈದಾನದ ಹುಲ್ಲು ನೋಡಲು ಹೋಗುವರು. ಎಲ್ಲಿ ಕಳೆ ಬಂದಿದೆ, ಎಲ್ಲಿ ಗುಳಿ ಬಿದ್ದಿದೆ, ಎಲ್ಲಿ ನೀರು ಸಾಲದು - ತೋಟದ ಮಾಲೀಕನ ಹಾಗೆ. ಹುಲ್ಲು ಸಮವಿಲ್ಲದಿದ್ದರೆ ಚೆಂಡು ನೆಲದ ಮೇಲೆ ನೇರ ಉರುಳದು, ಚೆಂಡು ನೇರ ಉರುಳದಿದ್ದರೆ ಹುಡುಗರು ಅದನ್ನು ಆಕಾಶಕ್ಕೆ ಒದೆಯಲು ಕಲಿಯುತ್ತಾರೆ. ಆದ್ದರಿಂದ ಹುಲ್ಲು. ಅವರ ತರಬೇತಿಯಲ್ಲಿ ಗುಟ್ಟೇನೂ ಇರಲಿಲ್ಲ. ಪಾಸು, ಚೆಂಡು ನಿಲ್ಲಿಸುವುದು, ಅಂಚಿನಿಂದ ಒಳಗೆ ತೂರುವುದು. ತಪ್ಪಿದರೆ ಮತ್ತೊಮ್ಮೆ, ಸರಿಯಾದರೂ ಮತ್ತೊಮ್ಮೆ. ಮಗ್ಗಿ ಒಪ್ಪಿಸುವ ಹುಡುಗರಂತೆ ದೊಡ್ಡದೊಡ್ಡ ಆಟಗಾರರು ಅದನ್ನೇ ಮಾಡುತ್ತಿದ್ದರು.

ಕಫು ಎಂಬ ಹುಡುಗ ಅಲ್ಲಿದ್ದ. ದಣಿವರಿಯದ ಓಟಗಾರ, ಆದರೆ ಕ್ರಾಸ್ ಒಂದೂ ಸರಿ ಬೀಳದು. ಮಿಡ್‌ಫೀಲ್ಡಿನಲ್ಲಿ ಆಡಿಕೊಂಡಿದ್ದ ಅವನನ್ನು ಟೆಲೆ ಬಲಬದಿಯ ಬ್ಯಾಕ್ ಮಾಡಿದರು. ಉಳಿದವರೆಲ್ಲ ಸ್ನಾನಕ್ಕೆ ಹೋದ ಮೇಲೂ ಅವನೊಬ್ಬನನ್ನೇ ನಿಲ್ಲಿಸಿ ಕ್ರಾಸ್ ಹೊಡೆಸುತ್ತಿದ್ದರು. ಮುಂದೆ 2002ರಲ್ಲಿ ಬ್ರೆಜಿಲ್‌ನ ಐದನೇ ವಿಶ್ವಕಪ್ಪನ್ನು ನಾಯಕನಾಗಿ ಮೇಲೆತ್ತಿ ಹಿಡಿದವನು ಇದೇ ಕಫು. 1982ರಲ್ಲಿ ಖಾಲಿ ಬಿಟ್ಟ ಬಲ ಅಂಚನ್ನು ಟೆಲೆ ಹತ್ತು ವರ್ಷದ ಮೇಲೆ ಹೀಗೆ ತುಂಬಿದರು ಎಂದರೂ ನಡೆಯುತ್ತದೆ.

ತಂಡದ ನಾಯಕ ರಾಯಿ. ಸೋಕ್ರಟೀಸನ ಕೊನೆಯ ತಮ್ಮ! ಅಣ್ಣನಂತೆಯೇ ಎತ್ತರ, ಅಣ್ಣನಂತೆಯೇ ನಿಧಾನದ ನಡಿಗೆ, ಸ್ವಲ್ಪ ಅಳುಕಿನ ಸ್ವಭಾವ. ಅವನ ಮೇಲೆ ಟೆಲೆ ಭರವಸೆಯಿಟ್ಟರು.

1991ರಲ್ಲಿ ಸಾವೊ ಪಾಲೊ ರಾಷ್ಟ್ರೀಯ ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಸೋತ ಬ್ರಗಾಂಟಿನೊ ತಂಡದ ಕೋಚ್ ಕಾರ್ಲೊಸ್ ಅಲ್ಬರ್ಟೊ ಪರೇರಾ. ಮೂರು ವರ್ಷದ ಬಳಿಕ ವಿಶ್ವಕಪ್ ಗೆದ್ದವರು ಅವರೇ. 1992ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್ ಕಿರೀಟವಾದ ಲಿಬರ್ತಡೋರಿಸ್ ಕಪ್. ಫೈನಲ್‌ನಲ್ಲಿ ಎದುರಾಳಿ ಅರ್ಜೆಂಟೀನಾದ ನ್ಯೂವೆಲ್ಸ್ ಓಲ್ಡ್ ಬಾಯ್ಸ್, ಅದರ ಕೋಚ್ ತರುಣ ಮಾರ್ಸೆಲೊ ಬಿಯೆಲ್ಸಾ. ಅಲ್ಲಿ 0-1, ಇಲ್ಲಿ 1-0. ಮತ್ತೆ ಪೆನಾಲ್ಟಿ ಸರದಿ. ಗ್ವಾದಲಹಾರಾ ನೆನಪಾಗದ ಒಬ್ಬನಾದರೂ ಮೊರುಂಬಿ ಕ್ರೀಡಾಂಗಣದಲ್ಲಿ ಅಂದು ಇದ್ದಿರಲಾರ. ಅರ್ಜೆಂಟೀನಾದ ಗಂಬೋವಾ ಹೊಡೆದ ಕೊನೆಯ ಚೆಂಡಿಗೆ ಗೋಲಿ ಝೆಟ್ಟಿ ಎಡಕ್ಕೆ ಹಾರಿ ಕೈಕೊಟ್ಟ. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಟೆಲೆ ಅವರ ಹುಲ್ಲಿಗೆ ಅಂದು ಯಾರೂ ಮರುಗಲಿಲ್ಲ.

ಸೆರೆಜೊ ಮರಳಿ ಬಂದ

ಈಗ ಸೆರೆಜೊನ ಕಥೆ ಹೇಳಬೇಕು. 1982ರ ಆ ಒಂದು ಪಾಸು ಅವನನ್ನು ಬಿಟ್ಟಿರಲಿಲ್ಲ. ಮರುವರ್ಷವೇ ಇಟಲಿಗೆ ಹೋಗಿ ರೋಮಾ, ಸಂಪ್ಡೋರಿಯಾ ತಂಡಗಳಿಗೆ ಸೇರಿ ಒಂಬತ್ತು ವರ್ಷ ಆಡಿದ. 1992ರ ಮೇ ತಿಂಗಳಲ್ಲಿ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಅವನ ಸಂಪ್ಡೋರಿಯಾ ತಂಡ ಯೋಹಾನ್ ಕ್ರೈಫ್ ಅವರ ಬಾರ್ಸಿಲೋನಾ ಎದುರು ಹೆಚ್ಚುವರಿ ಸಮಯದ ಗೋಲಿಗೆ ಸೋತಿತು. ವಯಸ್ಸು 37. ಇನ್ನು ಮುಗಿಯಿತೆಂದು ಎಲ್ಲರೂ ತಿಳಿದಾಗ ಟೆಲೆ ಅವನನ್ನು ಸಾವೊ ಪಾಲೊಗೆ ಕರೆತಂದರು.

ಅದೇ ಡಿಸೆಂಬರ್ 13ರಂದು ಟೋಕಿಯೊದಲ್ಲಿ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್‌ಗಳ ನಡುವಿನ ಪಂದ್ಯ. ಎದುರಿಗೆ ಅದೇ ಬಾರ್ಸಿಲೋನಾ. ಟೆಲೆ ಅವರ ಎದೆ ಒಡೆದ ಊರಿನ ಹೆಸರು ಹೊತ್ತ ತಂಡ. ಸ್ಟೊಯಿಚ್ಕೊವ್ ಮೊದಲು ಹೊಡೆದ. ರಾಯಿ ಒಂದು, ಮತ್ತೆ ಎಪ್ಪತ್ತೊಂಬತ್ತನೇ ನಿಮಿಷದಲ್ಲಿ ಫ್ರೀ ಕಿಕ್‌ನಿಂದ ಇನ್ನೊಂದು. 2-1.

1993ರಲ್ಲಿ ಮತ್ತೆ ಲಿಬರ್ತಡೋರಿಸ್, ಮತ್ತೆ ಟೋಕಿಯೊ. ರಾಯಿ ಆ ಹೊತ್ತಿಗೆ ಪ್ಯಾರಿಸ್‌ಗೆ ಹೋಗಿದ್ದ. ಎದುರಿಗೆ ಇಟಲಿಯ ಮಿಲಾನ್. ಬರೇಸಿ, ಮಾಲ್ಡಿನಿ, ಕೋಸ್ಟಾಕುರ್ಟಾ ಕಾವಲಿರುವ, ಲೋಕದಲ್ಲೇ ಗೋಲು ಹೊಡೆಯಲು ಕಷ್ಟವೆನಿಸಿದ ತಂಡ. ಪಾಲಿನ್ಯ ಹೊಡೆದ, ಮಿಲಾನ್‌ನ ಮಸ್ಸಾರೊ ಸರಿಗಟ್ಟಿದ. ಐವತ್ತೊಂಬತ್ತನೇ ನಿಮಿಷದಲ್ಲಿ 38ರ ಸೆರೆಜೊ ಎಲ್ಲರನ್ನೂ ದಾಟಿ ಗೋಲಿನ ಬಾಯಿಗೆ ಓಡಿಬಂದು ಚೆಂಡು ಒಳಗಿಟ್ಟ. ಪಾಪಿನ್ ಮತ್ತೆ ಸರಿಗಟ್ಟಿದ. 2-2. ಎದುರಾಳಿ ಇಟಲಿಯವರು. ಸರ್ರಿಯಾದ ಅಂಕವೇ! ಎಂಬತ್ತಾರನೇ ನಿಮಿಷದಲ್ಲಿ ಸೆರೆಜೊ ದೂರದಿಂದ ಎತ್ತಿಕೊಟ್ಟ ಚೆಂಡಿಗೆ ಮುಲ್ಲರ್ ಓಡಿ, ಗೋಲಿಗೆ ಡಿಕ್ಕಿಯಾಗುತ್ತಲೇ ಹಿಮ್ಮಡಿ ತಾಗಿಸಿದ. ಚೆಂಡು ಮೆಲ್ಲಗೆ ಉರುಳಿ ಒಳಗೆ ಹೋಯಿತು. 3-2. ಪಂದ್ಯಶ್ರೇಷ್ಠ ಟೊನಿನ್ಯೊ ಸೆರೆಜೊ. ಅಂದು ಮಿಲಾನ್ ಗೋಲಿನಲ್ಲಿ ನಿಂತಿದ್ದವನ ಹೆಸರೂ ರೊಸ್ಸಿ. ಸೆಬಾಸ್ಟಿಯಾನೊ ರೊಸ್ಸಿ, ಬೇರೆಯವನು.

ಆ ಮೇಲೆ ಟೆಲೆ ಅವರ ಕಾಲಿನ ಬಗ್ಗೆ ಯಾರೂ ಮಾತಾಡಿದ್ದು ಕಾಣೆ. 1994ರಲ್ಲಿ ಪರೇರಾ ಅವರ ಬ್ರೆಜಿಲ್ 24 ವರ್ಷಗಳ ಬರ ನೀಗಿ ವಿಶ್ವಕಪ್ ಗೆದ್ದಾಗ ತಂಡದಲ್ಲಿ ಝೆಟ್ಟಿ, ಕಫು, ಲಿಯೊನಾರ್ಡೊ, ರೊನಾಲ್ಡಾವೊ, ರಾಯಿ, ಮುಲ್ಲರ್ ಎಲ್ಲರೂ ಇದ್ದರು. ಎಲ್ಲರೂ ಟೆಲೆ ಅವರ ಮೈದಾನದಲ್ಲಿ ಪಳಗಿದವರು. ಫೈನಲ್‌ನಲ್ಲಿ ಇಟಲಿಯ ವಿರುದ್ಧ 120 ನಿಮಿಷದಲ್ಲಿ ಒಂದೂ ಗೋಲು ಬರಲಿಲ್ಲ, ಪೆನಾಲ್ಟಿಯಲ್ಲಿ ತೀರ್ಮಾನ. ಕಪ್ ಬಂತು. ಆ ಪಂದ್ಯವನ್ನು ಎರಡನೇ ಸಲ ಕೂತು ನೋಡಿದವರು ಎಷ್ಟು ಮಂದಿ ಇದ್ದಾರೋ!

1996ರ ಆರಂಭದಲ್ಲಿ ಮಿದುಳಿಗೆ ರಕ್ತ ಪೂರೈಕೆ ತಡೆಯಾಗಿ ಟೆಲೆ ಹಾಸಿಗೆ ಹಿಡಿದರು. ಮತ್ತೆ ಮೈದಾನಕ್ಕೆ ಮರಳಲಾಗಲಿಲ್ಲ. ಬಾರ್ಸಿಲೋನಾದ ಸರ್ರಿಯಾ ಕ್ರೀಡಾಂಗಣವನ್ನೂ 1997ರಲ್ಲಿ ಕೆಡವಿಹಾಕಿದರು. ಅಲ್ಲೀಗ ವಸತಿ ಕಟ್ಟಡಗಳಿವೆ. ಹತ್ತು ವರ್ಷ ಕಾಯಿಲೆಯೊಡನೆ ಬದುಕಿದ ಟೆಲೆ 2006ರ ಏಪ್ರಿಲ್ 21ರಂದು ಬೆಲೊ ಹೊರಿಜೊಂಟೆಯಲ್ಲಿ ತೀರಿಕೊಂಡರು. 74 ವರ್ಷ. ಅಂದು ಸೆರೆಜೊನ ಹುಟ್ಟುಹಬ್ಬ. ಸಾವೊ ಪಾಲೊದಲ್ಲಿ ಅವರ ಸಹಾಯಕರಾಗಿದ್ದ ಮುರಿಸಿ ರಮಾಲ್ಯೊ ಆಗ ಅದೇ ಕ್ಲಬ್ಬಿನ ಕೋಚ್ ಆಗಿದ್ದರು. ಆ ವರ್ಷವೂ, 2007ರಲ್ಲೂ, 2008ರಲ್ಲೂ ಸಾವೊ ಪಾಲೊ ರಾಷ್ಟ್ರೀಯ ಚಾಂಪಿಯನ್ ಆಯಿತು.